ಕಳ್ಳರ ಪಟ್ಟಿಯಲ್ಲಿದ್ದ ಓಲಗದವರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಗೆ ಹೋದರೆ ವಯಸ್ಸಾದ ಅಜ್ಜಿಯರ ಮುಂಗೈ ನೋಡಿ. ಹಸಿರು ಹಚ್ಚೆ! ಚುಕ್ಕಿಗಳ ಸಾಲು, ತೊಟ್ಟಿಲು, ಚೇಳು. ಸೂಜಿಯ ನೋವು ಮರೆಯಲೆಂದು ಹಾಡು ಹೇಳುತ್ತಾ ಆ ಹಸಿರನ್ನು ಚರ್ಮಕ್ಕಿಳಿಸುತ್ತಿದ್ದವರು ಕೊರಚರ ಹೆಂಗಸರು. ಈ ಬಯಲುಸೀಮೆಯ ಹಳ್ಳಕೊಳ್ಳಗಳಲ್ಲಿ ತಾನಾಗಿ ಬೆಳೆಯುವ ಈಚಲನ್ನು ಕೊಯ್ದು, ಸೀಳಿ, ಒಣಗಿಸಿ ಪೊರಕೆ ಕಟ್ಟಿದವರು, ಚಾಪೆ ಹೆಣೆದವರು, ರಾಗಿ ಹೊರುವ ಪುಟ್ಟಿ ಮಾಡಿಕೊಟ್ಟವರು ಅವರೇ. ಎಷ್ಟೋ ಮದುವೆಗಳಲ್ಲಿ ತಾಳಿ ಕಟ್ಟುವ ಹೊತ್ತಿಗೆ ಓಲಗ ಊದಿದವರು ಅವರದೇ ಬಳಗದ ಕೊರಮರು.

ಶುಭಕಾರ್ಯಕ್ಕೆಲ್ಲ ಬೇಕಾದ ಈ ಜನರ ಹೆಸರನ್ನು ಬ್ರಿಟಿಷರು ಬರೆದಿಟ್ಟದ್ದೆಲ್ಲಿ ಗೊತ್ತೆ? ಹುಟ್ಟುಗಳ್ಳರ ಪಟ್ಟಿಯಲ್ಲಿ!

ಇದರ ಹಿಂದಿನ ಕಥೆ ಇನ್ನೂ ಬೆರಗು ಹುಟ್ಟಿಸುತ್ತದೆ. ಕೊರಚರಲ್ಲೇ ಒಂದು ಪಂಗಡ ಉಪ್ಪುಕೊರಚರು. ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿಕೊಂಡು ನೂರಾರು ಮೈಲಿ ನಡೆದು ಒಳನಾಡಿಗೆ ತಂದು, ಬದಲಿಗೆ ಕಾಳುಕಡ್ಡಿ ಒಯ್ಯುತ್ತಿದ್ದರು. ನಮ್ಮ ಮುತ್ತಜ್ಜಂದಿರ ಮುದ್ದೆ ಸಾರಿಗೆ ರುಚಿ ಬಂದದ್ದು ಇಂಥವರ ಕಾಲ್ನಡಿಗೆಯಿಂದ! ಆಮೇಲೆ ರೈಲು ಬಂತು, ಸರ್ಕಾರದ ಉಪ್ಪಿನ ತೆರಿಗೆ ಬಿಗಿಯಾಯಿತು, 1876ರಿಂದ 1878ರವರೆಗೆ ಭೀಕರ ಬರ ಬಂದು ದನಕರು ಸತ್ತವು. ವ್ಯಾಪಾರ ಮುರಿದುಬಿತ್ತು. ದಾರಿ ನಡೆದು ಬದುಕುತ್ತಿದ್ದವರು ಸರ್ಕಾರದ ಕಣ್ಣಿಗೆ ಅಲೆಮಾರಿ ಕಳ್ಳರಾದರು. ಉತ್ತರ ಭಾರತದಲ್ಲಿ 1871ರಲ್ಲಿ ಶುರುವಾದ, ಇಡೀ ಜಾತಿಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡುವ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ, ಅಂದರೆ ಪಾವಗಡಕ್ಕೆ ಒತ್ತಿಕೊಂಡೇ ಇರುವ ಅನಂತಪುರಕ್ಕೂ ಬಂತು. ಮೈಸೂರು ಸಂಸ್ಥಾನವೂ ಇಂಥದೇ ಶಾಸನ ಮಾಡಿಕೊಂಡಿತು. ಕೊರಚರ ಬಳಗದವರೇ ಆದ ಎರುಕುಲರನ್ನು ಆಂಧ್ರದ ಸ್ಟುವರ್ಟ್‌ಪುರಂನಲ್ಲಿ ಕೂಡಿಹಾಕಿ, ಚೀರಾಲದ ತಂಬಾಕು ಕಾರ್ಖಾನೆಗೆ ಕೂಲಿಗೆ ಅಟ್ಟಿದರು. ಕಳ್ಳರೆಂದು ಕೂಡಿಹಾಕಿ ದುಡಿಸಿಕೊಂಡದ್ದು, ನೋಡಿ!

ಇದನ್ನು ಓದುವಾಗಲೇ ನನಗೆ, ಇಡೀ ಗುಂಪಿಗೇ ಒಂದು ಹಣೆಪಟ್ಟಿ ಬಿದ್ದ ಇನ್ನೊಂದು ಕಥೆಯಾಗಿ, ಲಂಡನ್ನಿನ ಸ್ಕಿನ್‌ಹೆಡ್‌ಗಳ ವಿಷಯ ಸಿಕ್ಕಿ ಮೈ ಜುಮ್ಮೆಂದಿತು. ಬೋಳುತಲೆ, ದಪ್ಪ ಬೂಟು ಎಂದೊಡನೆ ವರ್ಣದ್ವೇಷಿಗಳೆಂದೇ ಲೋಕ ಅಂದುಕೊಂಡಿದೆ. ಆದರೆ 1960ರ ದಶಕದ ಕೊನೆಗೆ ಹುಟ್ಟಿದಾಗ ಅವರು ಕಾರ್ಖಾನೆ, ಬಂದರುಗಳ ಕೂಲಿಕಾರರ ಮಕ್ಕಳು. ಅವರು ಕುಣಿದದ್ದು ಜಮೈಕಾದಿಂದ ಬಂದ ಕರಿಯರ ಸ್ಕಾ, ರೆಗೆ ಸಂಗೀತಕ್ಕೆ! 1969ರಲ್ಲಿ ಜಮೈಕಾದ ಗಾಯಕ ಡೆಸ್ಮಂಡ್ ಡೆಕರ್ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದರಲ್ಲಿ ಈ ಹುಡುಗರ ಪಾಲೂ ಇತ್ತು. ಅವರಲ್ಲಿ ಕೆಲವರು ಆಗಲೇ ನಮ್ಮ ಉಪಖಂಡದ ವಲಸಿಗರ ಮೇಲೆ ಕೈಮಾಡಿದ್ದು ನಿಜ, ಅದನ್ನು ಮುಚ್ಚಿಡಬಾರದು. ಮುಂದೆ ವರ್ಣದ್ವೇಷಿ ಪಕ್ಷವಾದ ನ್ಯಾಷನಲ್ ಫ್ರಂಟ್ ಅನೇಕರನ್ನು ತನ್ನತ್ತ ಎಳೆದುಕೊಂಡಿತು. ವರ್ಣದ್ವೇಷ ವಿರೋಧಿಸುವ ಸ್ಕಿನ್‌ಹೆಡ್‌ಗಳೂ 1980ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಸಂಘ ಕಟ್ಟಿಕೊಂಡರು. ಆ ಸುದ್ದಿ ಎಷ್ಟು ಜನರಿಗೆ ಮುಟ್ಟಿತು?

ಅಲ್ಲಿಯ ಹುಡುಗರು ತಲೆ ಬೋಳಿಸಿಕೊಂಡದ್ದು ತಾವಾಗಿ. ಬೇಡವೆನಿಸಿದರೆ ಕೂದಲು ಬಿಡಬಹುದಿತ್ತು. ನಮ್ಮಲ್ಲಿ ಮಗು ಹುಟ್ಟುವ ಮೊದಲೇ ಅದರ ಜಾತಿಗೆ ಕಳ್ಳತನ ಅಂಟಿಸಿದ್ದರು. ಇದು ಎಷ್ಟೋ ಪಾಲು ಹೆಚ್ಚು ಕ್ರೂರ.

1952ರ ಆಗಸ್ಟ್ 31ರಂದು ಅಪರಾಧಿ ಬುಡಕಟ್ಟು ಕಾಯ್ದೆ ರದ್ದಾಯಿತು. ಆದರೆ ಹೀಗೆ ಪಟ್ಟಿಯಿಂದ ಬಿಡುಗಡೆಯಾದ ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸಬೇಡಿ ಎಂದು ಸುಪ್ರೀಂ ಕೋರ್ಟ್ ಪೊಲೀಸರಿಗೆ ಮತ್ತೆ ಹೇಳಬೇಕಾಗಿ ಬಂತು. ಅದು 2024ರ ಅಕ್ಟೋಬರಿನಲ್ಲಿ, 72 ವರ್ಷಗಳ ಮೇಲೆ!