ಕುರ್ಚಿಯಿಂದ ಕಟಕಟೆಗೆ ಎಷ್ಟು ದೂರ?

2009ರ ಮಾರ್ಚ್ 29. ದೋಹಾದಲ್ಲಿ ಬಂದಿಳಿದ ಸುಡಾನ್ ಅಧ್ಯಕ್ಷ ಒಮರ್ ಅಲ್ ಬಶೀರ್‌ನನ್ನು ಕತಾರ್ ದೊರೆ ಶೇಖ್ ಹಮದ್ ಬಿನ್ ಖಲೀಫಾ ಅಲ್ ಥಾನಿ ಅವರೇ ಎದುರುಗೊಂಡು ಅಪ್ಪಿಕೊಂಡರು. ಮರುದಿನ ಅರಬ್ ಶೃಂಗಸಭೆ. ಅತಿಥಿಗಳನ್ನು ಹೀಗೆ ಬರಮಾಡಿಕೊಳ್ಳುವುದು ಅಲ್ಲಿನ ರೂಢಿ. ಆದರೆ ಈ ಅತಿಥಿಯ ತಲೆಯ ಮೇಲೆ ಬಂಧನ ವಾರಂಟ್ ತೂಗುತ್ತಿತ್ತು. ಅದೇ ಮಾರ್ಚ್ 4ರಂದು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅದನ್ನು ಹೊರಡಿಸಿತ್ತು. ಅಧಿಕಾರದಲ್ಲಿರುವ ರಾಷ್ಟ್ರಾಧ್ಯಕ್ಷನೊಬ್ಬನ ಮೇಲೆ ಆ ನ್ಯಾಯಾಲಯ ವಾರಂಟ್ ಹೊರಡಿಸಿದ್ದು ಅದೇ ಮೊದಲು.

ವಾರಂಟ್ ಬಂದ ಮೇಲೆ ಬಶೀರ್ ಮನೆಯಲ್ಲಿ ಕೂರಲಿಲ್ಲ. ಎರಿಟ್ರಿಯಾ, ಈಜಿಪ್ಟ್, ಲಿಬಿಯಾ ಎಂದು ಸುತ್ತಾಡಿದ. ದೋಹಾಕ್ಕೆ ಮಾತ್ರ ಹೋಗುವುದು ಬೇಡವೆಂದು ಸುಡಾನಿನ ಧಾರ್ಮಿಕ ವಿದ್ವಾಂಸರ ಮಂಡಳಿ ಫತ್ವಾ ಹೊರಡಿಸಿತ್ತು. ಅದನ್ನೂ ಕೇಳದೆ ಹೊರಟುಬಂದ. ಕತಾರ್ ಆ ನ್ಯಾಯಾಲಯದ ಸದಸ್ಯ ರಾಷ್ಟ್ರವಲ್ಲ. ಅರಬ್ ಒಕ್ಕೂಟದ 22 ಸದಸ್ಯರಲ್ಲಿ ಆಗ ಸದಸ್ಯರಾಗಿದ್ದವು ಜೋರ್ಡಾನ್, ಜಿಬೂಟಿ, ಕೊಮೊರೊಸ್ ಮೂರೇ. ಹಾಗಾಗಿ ಬಂಧಿಸುವ ಕಾನೂನಿನ ಹೊಣೆ ಆತಿಥೇಯರ ಮೇಲಿರಲಿಲ್ಲ, ಮನಸ್ಸಂತೂ ಇರಲೇ ಇಲ್ಲ.

ಸಭಾಂಗಣದ ನೋಟ ಇನ್ನೂ ವಿಚಿತ್ರವಾಗಿತ್ತು. ಸುಡಾನಿನ ಡಾರ್ಫರ್ ಪ್ರಾಂತ್ಯದ ಪ್ರಕರಣವನ್ನು ಹೇಗ್‌ಗೆ ಒಪ್ಪಿಸಿದ್ದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ, 2005ರ ಮಾರ್ಚ್ 31ರಂದು, 1593ನೇ ನಿರ್ಣಯದ ಮೂಲಕ. ಅದೇ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಬಾನ್ ಕಿ ಮೂನ್ ಅವರೂ ಆ ದಿನ ಅಲ್ಲೇ ಕೂತಿದ್ದರು. ವಾರಂಟ್‌ನ ಸಿಟ್ಟಿಗೆ ಬಶೀರ್ 13 ವಿದೇಶಿ ಪರಿಹಾರ ಸಂಸ್ಥೆಗಳನ್ನು ದೇಶದಿಂದ ಹೊರಹಾಕಿದ್ದ. ಆ ಆದೇಶ ಹಿಂತೆಗೆದುಕೊಳ್ಳಿ ಎಂದು ಬಾನ್ ಕೇಳಿದರು. ಅದೇ ಸಭೆಯಲ್ಲಿ ಲಿಬಿಯಾದ ಗಡಾಫಿ, ಸೌದಿ ದೊರೆ ಅಬ್ದುಲ್ಲಾ ಅವರ ಮೇಲೆ ಹರಿಹಾಯ್ದ. ಆರು ವರ್ಷದ ಹಳೆಯ ಜಗಳ. ನಿಮ್ಮನ್ನು ಕೂರಿಸಿದ್ದು ಬ್ರಿಟನ್, ಕಾಯುತ್ತಿರುವುದು ಅಮೆರಿಕ ಎಂದ. ತಾನು ಅರಬ್ ದೊರೆಗಳಲ್ಲೆಲ್ಲ ಹಿರಿಯ, ಆಫ್ರಿಕಾದ ರಾಜಾಧಿರಾಜ, ಮುಸ್ಲಿಮರ ಇಮಾಮ ಎಂದೆಲ್ಲ ಬಿರುದಾವಳಿ ಹೇಳಿಕೊಂಡು ಎದ್ದು ಹೊರಟೇಬಿಟ್ಟ. ಹೋಗಿದ್ದು ಇಸ್ಲಾಮಿಕ್ ಕಲಾ ಮ್ಯೂಸಿಯಂಗೆ. ಶೇಖ್ ಹಮದ್ ಮಧ್ಯೆ ಬಂದು ಅದೇ ದಿನ ಇಬ್ಬರನ್ನೂ ರಾಜಿ ಮಾಡಿಸಿದರು. ಪತ್ರಿಕೆಗಳಿಗೆ ಗಡಾಫಿಯ ರಂಪವೇ ದೊಡ್ಡ ಸುದ್ದಿಯಾಯಿತು. ಬಶೀರ್ ವಿಷಯದಲ್ಲಿ ಜಗಳವೇ ಇರಲಿಲ್ಲ: ವಾರಂಟನ್ನು ಒಪ್ಪುವುದಿಲ್ಲ ಎಂದು ಸಭೆ ಘೋಷಿಸಿತು.

ಹಿಂದಿನ ವರ್ಷದ ಸಭೆಯ ಅಧ್ಯಕ್ಷನಾಗಿ ಅಂದು ಮೊದಲು ಮಾತಾಡಿದವನು ಸಿರಿಯಾದ ಬಶರ್ ಅಲ್ ಅಸಾದ್. ಬಶೀರ್, ಗಡಾಫಿ, ಅಸಾದ್ ಮೂವರೂ ಒಂದೇ ಸೂರಿನಡಿ ಕೂತ ಆ ದಿನದ ಮುಂದಿನ ಕಥೆಯೇ ಈ ಲೇಖನ.

ಬಶೀರ್ ಮೇಲಿದ್ದ ಆರೋಪ ಸಣ್ಣದಲ್ಲ. 2003ರಲ್ಲಿ ಡಾರ್ಫರ್‌ನ ಬಂಡುಕೋರರು ಎಲ್ ಫಾಶರ್ ವಿಮಾನ ನಿಲ್ದಾಣಕ್ಕೆ ನುಗ್ಗಿದ ಮೇಲೆ ಸರ್ಕಾರ ಜಂಜಾವೀದ್ ಎಂಬ ಸವಾರ ಪಡೆಗಳ ಕೈಗೆ ಬಂದೂಕು ಕೊಟ್ಟು ಹಳ್ಳಿಗಳ ಮೇಲೆ ಬಿಟ್ಟಿತು. ವಿಶ್ವಸಂಸ್ಥೆಯ ಅಂದಾಜಿನಲ್ಲಿ ಸತ್ತವರು ಸುಮಾರು 3 ಲಕ್ಷ, ಊರು ಬಿಟ್ಟವರು 25 ಲಕ್ಷದಷ್ಟು. 2010ರ ಜುಲೈನಲ್ಲಿ ಬಂದ ಎರಡನೇ ವಾರಂಟ್‌ನಲ್ಲಿ ನರಮೇಧದ ಆರೋಪವೂ ಸೇರಿತು.

ಕತಾರ್‌ಗೆ ಆಗ ಮಧ್ಯಸ್ಥಿಕೆಯ ಹುಮ್ಮಸ್ಸು. ಡಾರ್ಫರ್ ಮಾತುಕತೆಗಳು ವರ್ಷಗಟ್ಟಲೆ ದೋಹಾದ ಹೋಟೆಲುಗಳಲ್ಲಿ ನಡೆದವು. ಸಚಿವ ಅಹ್ಮದ್ ಬಿನ್ ಅಬ್ದುಲ್ಲಾ ಅಲ್ ಮಹಮೂದ್ ಇದರ ಬೆನ್ನು ಬಿದ್ದಿದ್ದರು. ಕರಡುಗಳ ಮೇಲೆ ಕರಡು, ಬಹಿಷ್ಕಾರ, ಮುನಿಸು, ಮತ್ತೆ ವಿಮಾನ ಟಿಕೆಟ್. ಆ ವಿವರ ಬೇಡ. ಕೊನೆಗೆ 2011ರ ಜುಲೈ 14ರಂದು ಒಂದು ಬಣ ಸಹಿ ಹಾಕಿತು. ದೊಡ್ಡ ಬಣಗಳು ಹೊರಗೇ ಉಳಿದವು. ಈ ದೋಹಾ ಒಪ್ಪಂದದಲ್ಲಿ ಪರಿಹಾರವಿತ್ತು, ಅಭಿವೃದ್ಧಿ ಬ್ಯಾಂಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, 2003ರ ಫೆಬ್ರುವರಿಯಿಂದ ನಡೆದ ಘೋರ ಅಪರಾಧಗಳನ್ನು ವಿಚಾರಿಸಲು ಸುಡಾನಿನೊಳಗೇ ಒಂದು ವಿಶೇಷ ನ್ಯಾಯಾಲಯದ ಭರವಸೆಯಿತ್ತು.

ಆ ನ್ಯಾಯಾಲಯದಿಂದ ಡಾರ್ಫರ್‌ನ ಜನರಿಗೆ ದಕ್ಕಿದ್ದೇನೂ ಇಲ್ಲ. ವಿಶೇಷ ಪ್ರಾಸಿಕ್ಯೂಟರ್‌ಗಳು ಒಬ್ಬರಾದ ಮೇಲೊಬ್ಬರು ನೇಮಕವಾದರು, ಹೋದರು. ದೊಡ್ಡ ತಲೆಯೊಂದೂ ಕಟಕಟೆ ಹತ್ತಲಿಲ್ಲ. ಆರೋಪಿಯೇ ನ್ಯಾಯಾಧೀಶರನ್ನು ನೇಮಿಸುವ ವ್ಯವಸ್ಥೆಯಿಂದ ಇನ್ನೇನು ಬಂದೀತು? ಶಾಂತಿ ಮೊದಲು, ನ್ಯಾಯ ಆಮೇಲೆ ಎನ್ನುವವರ ವಾದ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ಶಾಂತಿಯೂ ಬರಲಿಲ್ಲ.

ಪಕ್ಕದ ಚಾಡ್ ನೋಡಿ. 1982ರಿಂದ 1990ರವರೆಗೆ ಆಳಿ ಸೆನೆಗಲ್‌ಗೆ ಓಡಿದ್ದ ಹಿಸೆನ್ ಹಬ್ರೆಗಾಗಿ 2013ರಲ್ಲಿ ಡಕಾರ್‌ನಲ್ಲಿ ವಿಶೇಷ ನ್ಯಾಯಪೀಠ ತೆರೆಯಿತು. ಜೈಲಿನಿಂದ ಬದುಕಿ ಬಂದವರೂ ವಿಧವೆಯರೂ ಪಟ್ಟು ಬಿಡದ ಫಲ ಅದು. ಹಬ್ರೆಯನ್ನು ಕಾವಲುಗಾರರು ಎತ್ತಿಕೊಂಡೇ ಕೋರ್ಟಿಗೆ ತರಬೇಕಾಯಿತು. 2016ರ ಮೇ 30ರಂದು ಜೀವಾವಧಿ ಶಿಕ್ಷೆಯಾಯಿತು. ಆತ ಅಧಿಕಾರ ಕಳೆದುಕೊಂಡು ಆಗಲೇ ಕಾಲು ಶತಮಾನ ಕಳೆದಿತ್ತು.

ಬಶೀರ್ ಮಾತ್ರ ಕುರ್ಚಿ ಬಿಡಲಿಲ್ಲ, ಓಡಾಟವನ್ನೂ ಬಿಡಲಿಲ್ಲ. 2015ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ನ್ಯಾಯಾಲಯ ಬಂಧನದ ಆದೇಶ ಓದುವ ಹೊತ್ತಿಗೆ ಆತನ ವಿಮಾನ ಸೇನಾ ನೆಲೆಯಿಂದ ಹಾರಿಯಾಗಿತ್ತು. ಅದೇ ಅಕ್ಟೋಬರ್‌ನಲ್ಲಿ ನಮ್ಮ ದಿಲ್ಲಿಗೇ ಬಂದ, ಭಾರತ-ಆಫ್ರಿಕಾ ಶೃಂಗಸಭೆಗೆ. ಭಾರತವೂ ಆ ನ್ಯಾಯಾಲಯದ ಸದಸ್ಯನಲ್ಲ. ಕತಾರ್‌ನತ್ತ ಬೆರಳು ತೋರುವಾಗ ಇದು ನೆನಪಿರಲಿ.

2019ರ ಏಪ್ರಿಲ್ 11ರಂದು ಜನರ ದಂಗೆಯ ನಡುವೆ ಸೇನೆಯೇ ಆತನನ್ನು ಇಳಿಸಿತು. ಮುಂದಿನದು ವಿಡಂಬನೆ. ಅದೇ ಡಿಸೆಂಬರ್‌ನಲ್ಲಿ ಶಿಕ್ಷೆಯಾಯಿತು, ಡಾರ್ಫರ್‌ಗಾಗಿ ಅಲ್ಲ, ಭ್ರಷ್ಟಾಚಾರಕ್ಕಾಗಿ. ಅದೂ ಎರಡೇ ವರ್ಷ, ಅದೂ ಸುಧಾರಣಾ ಕೇಂದ್ರದಲ್ಲಿ. ಎಪ್ಪತ್ತು ದಾಟಿದವರನ್ನು ಜೈಲಿಗೆ ಹಾಕುವಂತಿಲ್ಲ ಎನ್ನುತ್ತದೆ ಸುಡಾನಿನ ಕಾನೂನು. ಮೊದಲ ವಾರಂಟ್ ಬಂದಾಗ ಆತನಿಗೆ 65. ಕುರ್ಚಿಯಲ್ಲಿ ಕೂತು ಕಳೆದ ವರ್ಷಗಳೇ ಆತನಿಗೆ ವಯಸ್ಸಿನ ರಿಯಾಯಿತಿ ತಂದುಕೊಟ್ಟವು. ಇಳಿವಯಸ್ಸಿನವರನ್ನು ಕೋರ್ಟಿಗೆ ಎಳೆಯುವುದು ಸರಿಯೇ ಎಂದು ಕೇಳುವವರು, ಅವರು ಮುದುಕರಾಗುವ ತನಕ ಬಿಟ್ಟವರು ಯಾರು ಎಂಬುದನ್ನೂ ಕೇಳಬೇಕು.

ಕಡೆಗೆ ಹೇಗ್ ತಲುಪಿದವನು ಅಲಿ ಕುಶಾಯಬ್, ಜಂಜಾವೀದ್ ಮುಖಂಡ. ಬಶೀರ್ ಬಿದ್ದ ಮೇಲೆ ಹೆದರಿ ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ಓಡಿ 2020ರ ಜೂನ್‌ನಲ್ಲಿ ತಾನೇ ಶರಣಾದ. ವಿಚಾರಣೆಯಲ್ಲಿ ಮಾತ್ರ, ನಾನು ಕುಶಾಯಬ್ ಅಲ್ಲವೇ ಅಲ್ಲ, ನೀವು ಹಿಡಿದಿರುವುದು ಬೇರೆಯವನನ್ನು ಎಂಬ ವಾದ. ದೆಲೈಗ್ ಎಂಬ ಊರಿನಲ್ಲಿ ಫರ್ ಜನಾಂಗದ ಗಂಡಸರನ್ನು ಹಿಡಿದು, ಬಿಸಿಲಿನಲ್ಲಿ ಬೋರಲು ಮಲಗಿಸಿ, ವಾಹನಗಳಿಗೆ ತುಂಬಿ ಒಯ್ದು ಕೊಂದದ್ದನ್ನು ಬದುಕುಳಿದವರು ಬಂದು ಹೇಳಿದರು. ಆತನ ಕೈಯಲ್ಲಿದ್ದ ಕೊಡಲಿಯ ಬಗ್ಗೆಯೂ ಹೇಳಿದರು. 2025ರ ಅಕ್ಟೋಬರ್ 6ರಂದು 27 ಆರೋಪಗಳಲ್ಲಿ ತಪ್ಪಿತಸ್ಥನೆಂದು ತೀರ್ಪು ಬಂತು, ಡಿಸೆಂಬರ್‌ನಲ್ಲಿ 20 ವರ್ಷ ಶಿಕ್ಷೆ. ಕೃತ್ಯ ನಡೆದು ಸುಮಾರು ಇಪ್ಪತ್ತೆರಡು ವರ್ಷ, ಅಪರಾಧಿಗೆ ಎಪ್ಪತ್ತೈದು ದಾಟಿತ್ತು. ಡಾರ್ಫರ್‌ಗಾಗಿ ಹೇಗ್‌ನಲ್ಲಿ ಆದ ಮೊದಲ ಶಿಕ್ಷೆ ಇದು. ಕೊಡಲಿ ಹಿಡಿದವನು ಸಿಕ್ಕ. ಬಂದೂಕು ಹಂಚಿದ ಆರೋಪ ಹೊತ್ತವನು ಎಂಬತ್ತು ದಾಟಿ ಸುಡಾನಿನಲ್ಲೇ ಸೇನೆಯ ಸುಪರ್ದಿಯಲ್ಲಿದ್ದಾನೆ.

ಇತ್ತ ಕತಾರ್ ಏನಾಯಿತು? ವಾರಂಟ್ ತಿರಸ್ಕರಿಸಿದ ಸಭೆಗೆ ಮನೆ ಕೊಟ್ಟ ದೇಶವೇ, ಎರಡು ವರ್ಷದಲ್ಲಿ ಗಡಾಫಿ ವಿರುದ್ಧ ಯುದ್ಧವಿಮಾನ ಕಳಿಸಿತು. ಗಡಾಫಿ ಮೇಲೆ ಹೇಗ್‌ನ ವಾರಂಟ್ ಬಂದು ನಾಲ್ಕು ತಿಂಗಳೊಳಗೆ ಆತ ಸತ್ತೇ ಹೋದ. ಸಿರಿಯಾದ ವಿಷಯದಲ್ಲಿ ಕತಾರ್ ಇನ್ನೂ ಮುಂದೆ ಹೋಯಿತು. ಸೀಸರ್ ಎಂಬ ಗುಪ್ತನಾಮದ ಸೇನಾ ಛಾಯಾಗ್ರಾಹಕ ಅಸಾದ್‌ನ ಸೆರೆಮನೆಗಳಲ್ಲಿ ಸತ್ತವರ ಸಾವಿರಾರು ಚಿತ್ರಗಳನ್ನು ಹೊರಗೆ ಸಾಗಿಸಿದ್ದ. 2014ರ ಜನವರಿಯಲ್ಲಿ ಅವನ್ನು ಪರಿಶೀಲಿಸಿದ ಕಾನೂನು ತಜ್ಞರ ವರದಿಯ ಖರ್ಚು ಕತಾರ್‌ನದು. 2016ರ ಡಿಸೆಂಬರ್ 21ರಂದು ಪುಟ್ಟ ಲಿಖ್ಟೆನ್‌ಸ್ಟೈನ್ ಜೊತೆ ಸೇರಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕತಾರ್ ಒಂದು ನಿರ್ಣಯ ಗೆಲ್ಲಿಸಿತು. ಸಿರಿಯಾದ ಅಪರಾಧಗಳ ಸಾಕ್ಷ್ಯ ಕಲೆಹಾಕಿ, ಮುಂದೆ ಎಂದಾದರೂ ಕೇಸು ನಡೆಯುವಾಗ ಒದಗಿಸಲು ಒಂದು ಕಚೇರಿ. ಪರವಾಗಿ 105, ವಿರುದ್ಧ 15, ತಟಸ್ಥ 52. ಆ ಸೀಸರ್ ಚಿತ್ರಗಳು ಜರ್ಮನಿಯ ಕೊಬ್ಲೆನ್ಸ್ ಕೋರ್ಟಿಗೂ ಹೋದವು. ಸಿರಿಯಾದ ಮಾಜಿ ಕರ್ನಲ್ ಅನ್ವರ್ ರಸ್ಲಾನ್‌ಗೆ 2022ರ ಜನವರಿಯಲ್ಲಿ ಜೀವಾವಧಿಯಾಯಿತು. ಅಸಾದ್ 2024ರ ಡಿಸೆಂಬರ್‌ನಲ್ಲಿ ಮಾಸ್ಕೋಗೆ ಓಡಿದ.

ಇದನ್ನು ಹೃದಯ ಪರಿವರ್ತನೆ ಎನ್ನಲು ನನಗೆ ಮನಸ್ಸಿಲ್ಲ. ಅಸಾದ್ ಕತಾರ್‌ನ ವೈರಿಯಾಗಿದ್ದ, ಬಶೀರ್ ಆಗಿರಲಿಲ್ಲ. ಆದರೂ ಉದ್ದೇಶ ಏನೇ ಇರಲಿ, ಕೆಲಸ ಸರಿಯಾದದ್ದು. ಸಾಕ್ಷಿಗಳು ಸಾಯುತ್ತಾರೆ, ಗೋರಿಗಳ ಗುರುತು ಅಳಿಯುತ್ತದೆ. ಹೆಸರು, ದಿನಾಂಕ, ಚಿತ್ರ ಹಚ್ಚಿ ಇಟ್ಟ ಕಡತ ಉಳಿಯುತ್ತದೆ. ಡಾರ್ಫರ್‌ಗಾಗಿಯೂ ದೋಹಾದ ಹೋಟೆಲುಗಳಲ್ಲಿ ಸಹಿಯ ಬದಲು ಸಾಕ್ಷ್ಯ ಕೂಡಿಸಿದ್ದರೆ ಎಂಬ ಕಿರಿಕಿರಿ ಹೋಗುವುದಿಲ್ಲ.

ಹಳೆಯ ಮಾತಲ್ಲ ಇದು. ಜಂಜಾವೀದ್‌ನಿಂದಲೇ ಬೆಳೆದ ಆರ್‌ಎಸ್‌ಎಫ್ ಪಡೆ 2025ರ ಅಕ್ಟೋಬರ್ 26ರಂದು ಎಲ್ ಫಾಶರ್ ನಗರವನ್ನು ವಶಪಡಿಸಿಕೊಂಡು ಮತ್ತೆ ಹೆಣ ಉರುಳಿಸಿತು, ಕುಶಾಯಬ್ ತೀರ್ಪು ಬಂದ ಅದೇ ತಿಂಗಳು. ಪರಸ್ಪರ ಕಾದಾಡುತ್ತಿರುವ ಸುಡಾನ್ ಸೇನೆಯೂ ಆರ್‌ಎಸ್‌ಎಫ್ ಪಡೆಯೂ ಯುದ್ಧಾಪರಾಧ ಎಸಗಿವೆ ಎಂದು ವಿಶ್ವಸಂಸ್ಥೆಯ ತನಿಖಾ ತಂಡ ಹೇಳಿದೆ. 2005ರ ನಿರ್ಣಯದಿಂದ ಬಂದ ಹೇಗ್‌ನ ಅಧಿಕಾರ ಡಾರ್ಫರ್ ಮೇಲೆ ಇವತ್ತಿಗೂ ಇದೆ. ಆರ್‌ಎಸ್‌ಎಫ್ ಮುಖ್ಯಸ್ಥ ಹೆಮೆಡ್ಟಿಗೆ ಈಗ ಐವತ್ತರ ಆಸುಪಾಸು. ವಿಚಾರಣೆ ನಡೆಯುವುದೇ ಆದರೆ, ಎಪ್ಪತ್ತರ ರಿಯಾಯಿತಿಗೆ ಇನ್ನೂ ಇಪ್ಪತ್ತು ವರ್ಷ ಬಾಕಿಯಿರುವಾಗಲೇ ನಡೆಯಲಿ.