ಮೆಳ್ಳೆಗಣ್ಣು ಮತ್ತು ಅದರ ಶಸ್ತ್ರಚಿಕಿತ್ಸೆ

ಕಾಶಿಗೂ ನೇತ್ರವೈದ್ಯಕ್ಕೂ ಇರುವ ನಂಟು ಪುರಾತನವಾದುದು. ಕಾಶಿರಾಜ ದಿವೋದಾಸ ಧನ್ವಂತರಿಯು ಸುಶ್ರುತನೇ ಮೊದಲಾದ ಶಿಷ್ಯರಿಗೆ ಮಾಡಿದ ಉಪದೇಶದ ರೂಪದಲ್ಲಿ ಸುಶ್ರುತಸಂಹಿತೆ ನಿರೂಪಿತವಾಗಿದೆ. ಅದರ ಉತ್ತರತಂತ್ರದಲ್ಲಿ ೭೬ ನೇತ್ರರೋಗಗಳ ಎಣಿಕೆಯುಂಟು. ಕಣ್ಣಿನ ಪೊರೆಯನ್ನು ಶಲಾಕೆಯಿಂದ ಸರಿಸುವ ಕ್ರಮವೂ ಬಂದಿದೆ. ಮೆಳ್ಳೆಗಣ್ಣನ್ನು ಶಸ್ತ್ರದಿಂದ ನೆಟ್ಟಗೆ ಮಾಡುವ ವಿಧಾನ ಮಾತ್ರ ಅಲ್ಲಿಲ್ಲ. ಈ ದೋಷವು ಪ್ರಾಚೀನರಿಗೆ ಅಪರಿಚಿತವಾಗಿತ್ತೆಂದಲ್ಲ. ಅಮರಕೋಶವು ಅಂಥವನಿಗೆ 'ವಲಿರ', 'ಕೇಕರ' ಎಂಬ ಹೆಸರುಗಳನ್ನು ಕೊಟ್ಟಿದೆ. ಇಂದು ಇದಕ್ಕೆ ಚಿಕಿತ್ಸೆಯುಂಟು. ಆದರೂ 'ಅದೃಷ್ಟದ ಕಣ್ಣು', 'ಬೆಳೆದಂತೆ ಸರಿಹೋಗುತ್ತದೆ' ಎಂಬ ಮಾತುಗಳನ್ನು ನಂಬಿ ಅಮೂಲ್ಯವಾದ ಕಾಲವನ್ನು ಕಳೆಯುವ ಮನೆಗಳು ಇನ್ನೂ ಇವೆ.

ಪ್ರತಿಯೊಂದು ಕಣ್ಣುಗುಡ್ಡೆಯನ್ನೂ ಆರು ಸ್ನಾಯುಗಳು ಹೊರಳಿಸುತ್ತವೆ: ನಾಲ್ಕು ನೇರ, ಎರಡು ಓರೆ. ಎರಡು ಕಣ್ಣುಗಳ ಹನ್ನೆರಡು ಸ್ನಾಯುಗಳೂ ಮಿದುಳಿನ ಆಜ್ಞೆಯಂತೆ ಹೊಂದಿ ನಡೆದರೆ ದೃಷ್ಟಿಗಳೆರಡೂ ಒಂದೇ ವಸ್ತುವಿನಲ್ಲಿ ನೆಲೆಸುತ್ತವೆ. ಈ ಹೊಂದಿಕೆ ತಪ್ಪಿದಾಗ ಒಂದು ಕಣ್ಣು ಬೇರೆ ಕಡೆಗೆ ತಿರುಗುತ್ತದೆ. ಜನ್ಮಜಾತವೆನ್ನುವ ಮೆಳ್ಳೆಗಣ್ಣು ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಹಸುಗೂಸಿನ ಕಣ್ಣು ಮೊದಮೊದಲು ಆಗಾಗ ಅಲೆಯುವುದು ಸಹಜ. ಆದರೆ ನಾಲ್ಕು ತಿಂಗಳಾದ ಮೇಲೂ ಉಳಿದ ಓರೆಯನ್ನು ಉಪೇಕ್ಷಿಸತಕ್ಕದ್ದಲ್ಲ.

ಇದರಿಂದಾಗುವ ಹಾನಿ ರೂಪಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಎರಡು ಕಣ್ಣುಗಳಿಂದ ಎರಡು ಬಗೆಯ ಚಿತ್ರಗಳು ಬಂದಾಗ ಎಳೆಯ ಮಿದುಳು ಒಂದನ್ನು ಅಲಕ್ಷಿಸುತ್ತದೆ. ಆ ಕಣ್ಣು ಸದಾ ಒಂದೇ ಆದರೆ ಅದು ಕ್ರಮೇಣ ಮಂದವಾಗುತ್ತದೆ. ಬಾಲ್ಯದಲ್ಲಿ ಬಳಕೆ ತಪ್ಪಿದ ಕಣ್ಣಿಗೆ ಮಿದುಳಿನಲ್ಲಿ ಸ್ಥಾನ ತಪ್ಪುತ್ತದೆಂಬುದನ್ನು ಹ್ಯೂಬೆಲ್ ಮತ್ತು ವೀಸೆಲ್ ೧೯೬೦ರ ದಶಕದಲ್ಲಿ ಬೆಕ್ಕಿನ ಮರಿಗಳಲ್ಲಿ ತೋರಿಸಿದರು. ೧೯೮೧ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಆದುದರಿಂದಲೇ ವೈದ್ಯರು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಮಂದವಾದ ಕಣ್ಣನ್ನು ದುಡಿಸುತ್ತಾರೆ. ಏಳೆಂಟು ವರ್ಷಗಳೊಳಗೆ ಇದರ ಫಲ ಹೆಚ್ಚು. ಕೆಲವು ಮಕ್ಕಳಿಗೆ ಕನ್ನಡಕವೇ ಸಾಕಾಗುತ್ತದೆ. ಸಾಲದಿದ್ದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಬರ್ಲಿನ್ನಿನ ಡೀಫನ್‌ಬಾಖ್ ೧೮೩೯ರಲ್ಲಿ ಏಳು ವರ್ಷದ ಬಾಲಕನೊಬ್ಬನ ಕಣ್ಣಿನ ಒಳಬದಿಯ ಸ್ನಾಯುವನ್ನು ಕತ್ತರಿಸಿ ಓರೆಯನ್ನು ತಿದ್ದಿದನು. ಆಗ ಅರಿವಳಿಕೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಕತ್ತರಿಸಿ ಬಿಟ್ಟ ಸ್ನಾಯು ಹಿಡಿತವಿಲ್ಲದೆ ಹಿಂದೆ ಸರಿದು, ಕಣ್ಣು ಎದುರು ದಿಕ್ಕಿಗೆ ವಾಲುವ ಅಪಾಯವಿತ್ತು. ಈಗಿನ ಕ್ರಮದಲ್ಲಿ ಓರೆಯ ಕೋನವನ್ನು ಪಟ್ಟಕಗಳಿಂದ ಅಳೆದು, ಬಿಗಿಯಾಗಿ ಎಳೆಯುವ ಸ್ನಾಯುವನ್ನು ಕೆಲವೇ ಮಿಲಿಮೀಟರುಗಳಷ್ಟು ಹಿಂದಕ್ಕೆ ಸರಿಸಿ ಹೊಲಿಯುತ್ತಾರೆ. ಇಲ್ಲವೆ ಸಡಿಲವಾದುದನ್ನು ಮೊಟಕುಗೊಳಿಸುತ್ತಾರೆ. ಕಣ್ಣುಗುಡ್ಡೆಯನ್ನು ಹೊರತೆಗೆಯುತ್ತಾರೆಂಬ ಭಯ ನಿರಾಧಾರವಾದುದು. ಮಕ್ಕಳಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಕೆಲವರಿಗೆ ಎರಡನೆಯ ಬಾರಿ ಶಸ್ತ್ರಚಿಕಿತ್ಸೆ ಬೇಕಾಗುವುದೂ ಉಂಟು.

ವಯಸ್ಕರಿಗೆ ಇನ್ನೇನೂ ಮಾಡಲಾಗದೆಂಬುದು ಮತ್ತೊಂದು ತಪ್ಪು ತಿಳಿವಳಿಕೆ. ಬಾಲ್ಯದಲ್ಲಿ ಮಂದವಾದ ದೃಷ್ಟಿ ಶಸ್ತ್ರದಿಂದ ಮರಳದು. ಕೆಲವರಿಗೆ ಇಬ್ಬಗೆಯ ನೋಟ ತೋರಲೂಬಹುದು. ಆದರೆ ಕಣ್ಣುಗಳನ್ನು ನೆಟ್ಟಗೆ ಮಾಡಲು ಸಾಧ್ಯ. ಎದುರಿಗಿರುವವರನ್ನು ನೇರವಾಗಿ ನೋಡಿ ಮಾತನಾಡಲು ಅಳುಕಿ, ಸಂದರ್ಶನದಲ್ಲಿಯೂ ವಿವಾಹದ ಮಾತುಕತೆಯಲ್ಲಿಯೂ ತಲೆತಗ್ಗಿಸಿದವರಿಗೆ ಇದು ಬರಿಯ ಅಲಂಕಾರವಲ್ಲ. ಹೊಸದಾಗಿ ಓರೆ ಕಾಣಿಸಿದ ವಯಸ್ಕರು ಮಾತ್ರ ಅದರ ಕಾರಣವನ್ನು ಮೊದಲು ಶೋಧಿಸಿಕೊಳ್ಳಬೇಕು.

ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ೧೯೬೦ರಲ್ಲಿ ಆರಂಭವಾಗಿ ೧೯೭೧ರಲ್ಲಿ ವೈದ್ಯವಿಜ್ಞಾನ ಸಂಸ್ಥೆಯಾಗಿ ಬೆಳೆದ ವಿದ್ಯಾಲಯಕ್ಕೆ ನೇತ್ರವಿಭಾಗವೂ ಉಂಟು. ದೇಶದ ದೊಡ್ಡ ನಗರಗಳಲ್ಲಿಯೂ ಅಂಥ ವಿಭಾಗಗಳಿವೆ. ಮಗುವಿನ ಕಣ್ಣು ಓರೆಯಾಗಿ ಕಂಡಾಗ ಹಿರಿಯರು ಜ್ಯೋತಿಷಿಗಿಂತ ಮೊದಲು ನೇತ್ರವೈದ್ಯರನ್ನು ಕಾಣಬೇಕು. ಪಾಪೆಯಲ್ಲಿ ಬಿಳುಪು ತೋರಿದರಂತೂ ಒಂದು ದಿನವೂ ತಡಮಾಡಬಾರದು; ಅಪರೂಪವಾಗಿ ಅದು ಕಣ್ಣೊಳಗಿನ ಅರ್ಬುದದ ಲಕ್ಷಣವಾಗಿರಬಹುದು.