ನೆಂಟತನ ಮತ್ತು ಮುಖಪರಿಚಯ



ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ಹೋಗುವ ರೈಲುದಾರಿಯ ಉದ್ದ ಸುಮಾರು ಹತ್ತು ಮೈಲಿ. ಕೋಲಾರದ ಚಿನ್ನದ ಗಣಿಗಳ ಉಪಯೋಗಕ್ಕಾಗಿ 1894ರಲ್ಲಿ ತೆರೆದ ದಾರಿ ಇದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆಂದು ಆಂಡರ್ಸನ್‌ಪೇಟೆಗೆ ಹೊರಟಿದ್ದ ನಾನು ಒಮ್ಮೆ ಈ ದಾರಿಯಲ್ಲಿ ಪ್ರಯಾಣ ಮಾಡಬೇಕಾಯಿತು. ನನ್ನ ಎದುರಿಗೆ ಒಬ್ಬ ವೃದ್ಧರೂ ಅವರ ಪಕ್ಕದಲ್ಲಿ ಮೂವತ್ತರ ವಯಸ್ಸಿನ ಒಬ್ಬ ತರುಣನೂ ಕುಳಿತಿದ್ದರು. ಅವರಲ್ಲಿ ಪೂರ್ವಪರಿಚಯವಿದ್ದಂತೆ ಕಾಣಲಿಲ್ಲ. ಬಂಡಿ ಹೊರಟ ಸ್ವಲ್ಪ ಹೊತ್ತಿಗೆ ವೃದ್ಧರು ತಮಿಳೂ ಕನ್ನಡವೂ ಬೆರೆತ ಮಾತಿನಲ್ಲಿ, “ಯಾವ ಲೈನಪ್ಪಾ ನಿಂದು?” ಎಂದು ಕೇಳಿದರು. ತರುಣನು ಒಂದು ಲೈನಿನ ಹೆಸರನ್ನು ಹೇಳಿದನು. “ಅಪ್ಪ ಯಾವ ಶಾಫ್ಟು?” ಎಂಬುದು ಎರಡನೆಯ ಪ್ರಶ್ನೆ. “ಅಪ್ಪ ಗಣಿಗೆ ಇಳೀಲಿಲ್ಲ, ತಾತ ಇಳೀತಿದ್ರು. ಗಿಫರ್ಡ್ ಶಾಫ್ಟು” ಎಂದು ಉತ್ತರ ಬಂದಿತು. ಮೂರನೆಯ ಪ್ರಶ್ನೆಗೆ ತಾತನ ಹೆಸರು ಹೊರಬಿದ್ದಿತು. ಕೋರಮಂಡಲ ನಿಲ್ದಾಣ ದಾಟುವಷ್ಟರಲ್ಲಿ ವೃದ್ಧರ ಕೈಚೀಲವು ತರುಣನ ತೊಡೆಯ ಮೇಲಿದ್ದಿತು. ತರುಣನು ಅವರನ್ನು “ತಾತಾ” ಎಂದು ಕರೆಯುತ್ತಿದ್ದನು.

ಲೈನೆಂದರೆ ಗಣಿಯ ಕಂಪನಿಗಳವರು ಕೂಲಿಗಾರರಿಗಾಗಿ ಹಾಕಿಸಿದ ಸಾಲುಮನೆಗಳು. ಶಾಫ್ಟೆಂದರೆ ಗಣಿಯೊಳಕ್ಕೆ ಇಳಿಯುವ ಕೂಪ. ಹೊರಗಿನವನಾದ ನನಗೆ ಈ ಎರಡು ಪದಗಳ ಅರ್ಥ ಮಾತ್ರ ತಿಳಿದಿದ್ದಿತು. ಅವುಗಳ ಪ್ರಯೋಜನ ತಿಳಿದದ್ದು ಆ ಹೊತ್ತಿನಲ್ಲಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೊಸಬನನ್ನು ಕಂಡರೆ ಊರು ಯಾವುದು, ಯಾರ ಪೈಕಿ ಎಂದು ಕೇಳುವರಲ್ಲವೆ? ಗಣಿಯವರು ಲೈನನ್ನೂ ಶಾಫ್ಟನ್ನೂ ಕೇಳುತ್ತಾರೆ. ಪ್ರಶ್ನೆ ಬೇರೆಯಾದರೂ ಉದ್ದೇಶ ಒಂದೇ. ಎದುರಿಗಿರುವವನು ನನಗೆ ಏನಾಗಬೇಕು, ನಾನು ಅವನಿಗೆ ಏನಾಗಬೇಕು ಎಂಬುದು ಗೊತ್ತಾಗದೆ ಮನುಷ್ಯನಿಗೆ ಮಾತು ಸಲೀಸಾಗಿ ಹೊರಡುವುದಿಲ್ಲ. ಈ “ಆಗಬೇಕು” ಎಂಬ ಮಾತನ್ನು ಶ್ರೋತೃಗಳು ಗಮನಿಸಬೇಕೆಂದು ಬೇಡುತ್ತೇನೆ. “ಅವರು ನಿಮಗೆ ಏನಾಗಬೇಕು?” ಎಂದು ಕನ್ನಡದಲ್ಲಿ ಕೇಳುವಾಗ, ರಕ್ತಸಂಬಂಧವನ್ನು ಕೇಳಿದಂತೆಯೂ ಆಯಿತು, ಒಂದು ಹೊಣೆಯನ್ನು ಜ್ಞಾಪಿಸಿದಂತೆಯೂ ಆಯಿತು.

ಚಿನ್ನದ ಗಣಿಯ ಪ್ರದೇಶವನ್ನು ಈ ವಿಷಯಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಅಲ್ಲಿ ಯಾರೂ ಮೂಲನಿವಾಸಿಗಳಲ್ಲವೆಂದರೆ ಅದು ಅತಿಶಯೋಕ್ತಿ. ಆದರೆ ಬಹುಮಂದಿ ಹೊರಗಿನಿಂದ ಬಂದವರೇ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಗಣಿಕೆಲಸವನ್ನು ವಹಿಸಿಕೊಂಡ ತರುವಾಯ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಕೂಲಿಗಾರರು ಬಂದರು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿ ತೋಡುವುದರಲ್ಲಿ ನುರಿತವರು ಬಂದರು. ಆಂಗ್ಲೋ ಇಂಡಿಯನ್ನರು ಬಂದರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಈ ಗಣಿಗಳಲ್ಲಿ ದುಡಿಯುತ್ತಿದ್ದರು. ಕಂಪನಿಯ ಎಲ್ಲೆಗೆ ಹೊಂದಿಕೊಂಡು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಬೆಳೆದವು. ಹಳ್ಳಿಯಲ್ಲಿ ನೂರಾರು ವರ್ಷಗಳಿಂದ ಕಟ್ಟಿಕೊಂಡು ಬಂದ ನಂಟುಗಳ ಜಾಲವನ್ನು ಕಳಚಿಟ್ಟು ಬಂದವರು ಇಲ್ಲಿ ಅದನ್ನು ಒಂದೆರಡು ತಲೆಮಾರುಗಳಲ್ಲಿ ಮತ್ತೆ ನೇಯಬೇಕಾಯಿತು.

ಅದಕ್ಕೆ ಅವರ ಕೈಯಲ್ಲಿದ್ದ ನೂಲೆಂದರೆ ಬಂಧುವಾಚಕ ಪದಗಳು. ಕನ್ನಡಿಗನಿಗೆ ಅಣ್ಣ, ಅಕ್ಕ, ಅತ್ತೆ, ಮಾವ; ತಮಿಳನಿಗೆ ಅಣ್ಣನ್, ಅಕ್ಕಾ, ಅತ್ತೈ, ಮಾಮಾ; ತೆಲುಗನಿಗೆ ಅನ್ನ, ಅಕ್ಕ, ಅತ್ತ, ಮಾಮ. ಭಾಷೆ ಮೂರಾದರೂ ಪದಗಳು ಒಂದೇ ತಾಯಿಯ ಮಕ್ಕಳು. ಪದಗಳಿಗಿಂತಲೂ ಮಿಗಿಲಾದ ಸಾಮ್ಯ ಅವುಗಳ ಹಿಂದಿನ ಏರ್ಪಾಡಿನಲ್ಲಿದೆ. ತಂದೆಯ ಅಣ್ಣತಮ್ಮಂದಿರು ಈ ಮೂರು ಭಾಷೆಗಳವರಿಗೂ ತಂದೆಗಳೇ, ದೊಡ್ಡಪ್ಪ ಚಿಕ್ಕಪ್ಪಂದಿರು. ಅವರ ಮಕ್ಕಳು ಒಡಹುಟ್ಟಿದವರು. ತಾಯಿಯ ಅಣ್ಣತಮ್ಮಂದಿರಾದರೋ ಮಾವಂದಿರು. ಅವರ ಮಕ್ಕಳೊಡನೆ ಮದುವೆಯ ಸಂಬಂಧ ಸಲ್ಲುತ್ತದೆ. ಲೂಯಿಸ್ ಹೆನ್ರಿ ಮಾರ್ಗನ್ ಎಂಬ ಅಮೆರಿಕದ ವಿದ್ವಾಂಸನು ಪ್ರಪಂಚದ ನಾನಾ ಜನಾಂಗಗಳ ಬಂಧುವಾಚಕಗಳನ್ನು ಸಂಗ್ರಹಿಸಿ 1871ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ತಮಿಳು, ತೆಲುಗು, ಕನ್ನಡಗಳ ಏರ್ಪಾಡು ತನ್ನ ದೇಶದ ಸೆನೆಕಾ ಎಂಬ ಆದಿವಾಸಿಗಳ ಏರ್ಪಾಡನ್ನು ಬಹುಮಟ್ಟಿಗೆ ಹೋಲುವುದನ್ನು ಕಂಡು ಅವನು ಬೆರಗಾದನು. ಇಂಗ್ಲಿಷಿನವರಿಗೆ ಈ ಭೇದ ತಿಳಿಯದು. ದೊಡ್ಡಪ್ಪನೂ ಸೋದರಮಾವನೂ ಅವರಿಗೆ “ಅಂಕಲ್”. ನಮ್ಮ ನಗರಗಳ ಮಕ್ಕಳು ಇಂದು ದಾರಿಹೋಕರೆಲ್ಲರನ್ನೂ “ಅಂಕಲ್” ಎಂದು ಕರೆಯುವುದನ್ನು ಕೇಳಿದಾಗಲೆಲ್ಲ ಮಾರ್ಗನ್ನನ ಶ್ರಮ ವ್ಯರ್ಥವಾಯಿತಲ್ಲಾ ಎಂದು ನನಗೆ ಅನ್ನಿಸುವುದುಂಟು.

ಹೀಗೆ ತಮಿಳು ಮನೆಯ ಹುಡುಗನು ಪಕ್ಕದ ತೆಲುಗು ಮನೆಯ ಯಜಮಾನನನ್ನು ಮಾಮ ಎಂದು ಕರೆದರೆ, ಕರೆದವನಿಗೂ ಕರೆಸಿಕೊಂಡವನಿಗೂ ತಮ್ಮ ತಮ್ಮ ಪಾಠ ಗೊತ್ತಿದ್ದಿತು. ಮಾವನಾದವನು ಗದರಿಸಬಹುದು, ತಿಂಡಿ ಕೊಡಿಸಬಹುದು. ಮದುವೆಯಲ್ಲಿ ಮುಂದೆ ನಿಂತು ಓಡಾಡಬೇಕು. ಸಮಾನವಯಸ್ಕರ ನಡುವೆ “ಮಚ್ಚಾ” ಎಂಬ ಪದ ಓಡಾಡುವುದನ್ನು ತಾವು ಬೆಂಗಳೂರಿನ ಬೀದಿಗಳಲ್ಲಿಯೂ ಕೇಳಿರಬಹುದು. ತಮಿಳಿನಲ್ಲಿ ಅದರ ಮೂಲ ಭಾವಮೈದುನನೆಂದು. ಗೆಳೆಯನನ್ನು ಅಣ್ಣನೆನ್ನದೆ ಭಾವನೆನ್ನುವುದರಲ್ಲಿ ಸ್ವಾರಸ್ಯವಿದೆ. ಅಣ್ಣನ ಮುಂದೆ ಬಾಯಿ ಬಿಗಿಹಿಡಿಯಬೇಕು, ಭಾವನೊಡನೆ ಸರಸವಾಡಬಹುದು.

ಆದರೆ ಈ ಚಿತ್ರವನ್ನು ಇಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಬಂಧುವಾಚಕ ಪದಕ್ಕೆ ತೆರೆಯುವ ಬಾಗಿಲಿರುವಂತೆ ಮುಚ್ಚುವ ಬಾಗಿಲೂ ಇದೆ. ಗಣಿಗೆ ಬಂದವರಲ್ಲಿ ಬಹುಸಂಖ್ಯಾತರು ತಮ್ಮ ಹಳ್ಳಿಗಳಲ್ಲಿ ಅಸ್ಪೃಶ್ಯರೆನ್ನಿಸಿಕೊಂಡು ಚೇರಿಗಳಲ್ಲಿ ಬಾಳಿದವರು. ಅವರನ್ನು ಊರೊಳಗಿನ ಯಾರೂ ಮಾವನೆಂದು ಕರೆದಿರಲಿಲ್ಲ, ಅವರಿಗೂ ಹಾಗೆ ಕರೆಯಲು ಅವಕಾಶವಿರಲಿಲ್ಲ. ಗಣಿಗೆ ಬಂದೊಡನೆ ಜಾತಿ ಕರಗಿಹೋಯಿತೆಂದು ನಾನು ಹೇಳಲಾರೆ. ಕರಗದಿದ್ದ ಕಾರಣದಿಂದಲೇ ಅಲ್ಲಿನ ಜನರು ಹುಟ್ಟಿನಿಂದ ಬಾರದ ನಂಟೊಂದನ್ನು ಹುಡುಕಿದರು. ಪಂಡಿತ ಅಯೋತಿದಾಸರು 1898ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪದಲ್ಲಿ ಶಾಖೆಯೊಂದು ಏರ್ಪಟ್ಟಿತು. ಅವರು 1907ರಲ್ಲಿ ಆರಂಭಿಸಿದ ‘ತಮಿಳನ್’ ಪತ್ರಿಕೆಯು, 1914ರಲ್ಲಿ ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ ಈ ಗಣಿಪ್ರದೇಶದಿಂದಲೇ ಮತ್ತೆ ಪ್ರಕಟವಾಯಿತು. ಸಂಘಕ್ಕೆ ಸೇರಿದವನಿಗೆ ಇನ್ನೊಬ್ಬ ಸದಸ್ಯನು ಬಂಧುವಾಗುವುದು ತಾನು ಒಪ್ಪಿ ಆರಿಸಿಕೊಂಡ ಕಾರಣಕ್ಕೆ. ಯಾರ ಹೊಟ್ಟೆಯಲ್ಲಿ ಹುಟ್ಟಿದನೆಂಬ ಕಾರಣಕ್ಕಲ್ಲ.

ನೆಲದ ಕೆಳಗೆ ಮತ್ತೊಂದು ವಿಧದ ನಂಟು ಬೆಳೆಯುತ್ತಿದ್ದಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದಿತು. ಅಷ್ಟು ಆಳದಲ್ಲಿ ಬಂಡೆಯ ಶಾಖ ಸೆಂಟಿಗ್ರೇಡಿನ 60 ಡಿಗ್ರಿಯನ್ನು ಮೀರುತ್ತಿದ್ದಿತು. ಮೇಲಿನ ಭೂಭಾರದ ಒತ್ತಡಕ್ಕೆ ಸಿಕ್ಕಿದ ಬಂಡೆ ಯಾವ ಸೂಚನೆಯನ್ನೂ ಕೊಡದೆ ಸಿಡಿಯುವುದುಂಟು; ಈ ಸಿಡಿತಕ್ಕೆ ಆ ಗಣಿಗಳಲ್ಲಿ ಬಲಿಯಾದವರು ಅನೇಕರು. ಇಂಥಲ್ಲಿ ಕೆಲಸ ಮಾಡುವವನ ಪ್ರಾಣ ಅಕ್ಷರಶಃ ಇತರರ ಕೈಯಲ್ಲಿರುತ್ತದೆ: ಕೇಜನ್ನು ಇಳಿಸುವ ಎಂಜಿನಿನವನು, ಗಂಟೆಯ ಸನ್ನೆ ಕೊಡುವವನು, ಮೋಟು ಕಟ್ಟುವವನು, ಸಿಡಿಮದ್ದು ಇಟ್ಟ ತೂತುಗಳನ್ನು ತಪ್ಪದೆ ಎಣಿಸುವವನು. ಅರಿಸ್ಟಾಟಲನು ಸ್ನೇಹವನ್ನು ಪ್ರಯೋಜನದ ಸ್ನೇಹ, ಸಂತೋಷದ ಸ್ನೇಹ, ಗುಣದ ಸ್ನೇಹ ಎಂದು ಮೂರು ಬಗೆಯಾಗಿ ವಿಂಗಡಿಸಿ, ಮೊದಲ ಎರಡನ್ನೂ ಕೆಳಗಿನ ಮೆಟ್ಟಲಲ್ಲಿಟ್ಟನು. ನಾನು ತರಗತಿಯಲ್ಲಿ ಇದನ್ನು ಹಲವು ವರ್ಷ ಬೋಧಿಸಿದ್ದೇನೆ. ಆದರೆ ಒಬ್ಬನು ಗಂಟೆಯನ್ನು ಸರಿಯಾಗಿ ಹೊಡೆದದ್ದರಿಂದ ಮತ್ತೊಬ್ಬನು ಮನೆಗೆ ಜೀವಸಹಿತ ಮರಳಿದನೆಂದರೆ, ಅದನ್ನು ಬರಿಯ ಪ್ರಯೋಜನವೆಂದು ಕೆಳಗಿಡುವುದು ನ್ಯಾಯವೇ ಎಂಬ ಸಂದೇಹ ನನಗೆ ಈಚೆಗೆ ಹುಟ್ಟಿದೆ.

ಮನುಷ್ಯನನ್ನು ಗುರುತಿಸುವ ವಿಷಯವಾಗಿಯೇ ಅಲ್ಲಿ ಒಮ್ಮೆ ದೊಡ್ಡ ಕಲಹ ನಡೆಯಿತು. 1930ರಲ್ಲಿ ಕೂಲಿಗಾರರೆಲ್ಲರೂ ಬೆರಳಚ್ಚು ಕೊಟ್ಟು ದಾಖಲಾಗಬೇಕೆಂಬ ಏರ್ಪಾಡನ್ನು ತರಲು ಹೊರಟಾಗ ಅವರು ಕೆಲಸ ನಿಲ್ಲಿಸಿ ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಬೆರಳಚ್ಚು ಕಳ್ಳಕಾಕರದು ಎಂಬ ಭಾವನೆ ಇದ್ದ ಕಾಲ. ಇಷ್ಟಾಗಿ ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆ ದೊರೆತದ್ದು 1940ರ ದಶಕದ ಆರಂಭದಲ್ಲಿ. ಸಂಘವೇ ಇಲ್ಲದೆ ಸಾವಿರಾರು ಜನರು ಒಂದೇ ಮನಸ್ಸಿನಿಂದ ನಿಂತದ್ದು ಹೇಗೆ? ಲೈನಿನಿಂದ ಲೈನಿಗೆ, ಮಾವನಿಂದ ಅಳಿಯನಿಗೆ ಮಾತು ಹರಡಿತೆಂದಲ್ಲದೆ ನನಗೆ ಬೇರೆ ಸಮಾಧಾನ ತೋಚದು.

ಪೇಟೆಯ ನಂಟಿನ ಬಗೆ ಬೇರೆ. ಅದಕ್ಕೆ ನಿದರ್ಶನವಾಗಿ ಚೀಟಿಯ ವ್ಯವಹಾರವನ್ನು ನೋಡೋಣ. ಇಪ್ಪತ್ತು ಮಂದಿ ತಿಂಗಳಿಗೆ ನೂರು ರೂಪಾಯಿನಂತೆ ಹಾಕುತ್ತಾರೆನ್ನಿ. ಕೂಡಿದ ಎರಡು ಸಾವಿರವನ್ನು ಆ ತಿಂಗಳು ಯಾರು ಹೆಚ್ಚು ಕಡಿತಕ್ಕೆ ಒಪ್ಪುವರೋ ಅವರು ಎತ್ತಿಕೊಳ್ಳುತ್ತಾರೆ. ಕಡಿತದ ಹಣ ಉಳಿದವರಿಗೆ ಹಂಚಿಹೋಗುತ್ತದೆ. ಮಗಳ ಮದುವೆಯಿದ್ದವನು ಮೊದಲ ತಿಂಗಳೇ ಎತ್ತಿದನೆಂದರೆ, ಅವನು ಮುಂದಿನ ಹತ್ತೊಂಬತ್ತು ತಿಂಗಳೂ ತಪ್ಪದೆ ಹಾಕುವನೆಂಬುದಕ್ಕೆ ಆಧಾರವೇನು? ನೆರೆಹೊರೆಯವರು ತಮ್ಮಲ್ಲೇ ಹಾಕಿಕೊಳ್ಳುವ ಚೀಟಿಗಳಲ್ಲಿ ಅಡವಿಲ್ಲ, ಪತ್ರವಿಲ್ಲ. ಅವನ ಮುಖ ಎಲ್ಲರಿಗೂ ಗೊತ್ತು. ಅವನು ಅದೇ ಬೀದಿಯಲ್ಲಿ ನಾಳೆಯೂ ನಡೆಯಬೇಕು. ಬೇಕಾದ ನಂಬಿಕೆಯನ್ನು ತಿಂಗಳು ತಿಂಗಳೂ ಕೊಂಚ ಕೊಂಚವಾಗಿ ಕಟ್ಟುವ ಸಾಧನ ಈ ಚೀಟಿ. ಮನೆತನದ ನಂಟು ಹುಟ್ಟಿದ ದಿನವೇ ಪೂರ್ತಿಯಾಗಿ ಬರುತ್ತದೆ. ಇದಾದರೋ ಕಂತಿನ ಮೇಲೆ ಬರತಕ್ಕದ್ದು.

1956ರಲ್ಲಿ ಮೈಸೂರು ಸರ್ಕಾರದ ವಶಕ್ಕೂ 1962ರಲ್ಲಿ ಭಾರತ ಸರ್ಕಾರದ ವಶಕ್ಕೂ ಬಂದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇಲ್ಲಿಂದ ಮುಂದಿನದು. ಲೈನಿನ ನಂಟು ಎಷ್ಟೇ ಗಾಢವಾಗಿದ್ದರೂ ಅದಕ್ಕೊಂದು ಕೊರತೆಯಿದ್ದಿತು: ಎಲ್ಲರ ಅನ್ನವೂ ಒಂದೇ ಬಾವಿಯಿಂದ ಬರುತ್ತಿದ್ದಿತು. ಗಣಿ ಮುಚ್ಚಿದ ದಿನ ಅಣ್ಣನ ಕೆಲಸ ಹೋಯಿತು, ಮಾವನ ಕೆಲಸ ಹೋಯಿತು, ಪಕ್ಕದ ಮನೆಯ ಮಚ್ಚಾನ ಕೆಲಸವೂ ಹೋಯಿತು. ಅವರು ಒಬ್ಬರಿಗೊಬ್ಬರು ಅಕ್ಕಿ ಕೊಡಬಲ್ಲವರಾಗಿದ್ದರು, ಅಳಬಲ್ಲವರಾಗಿದ್ದರು. ಆದರೆ ಒಬ್ಬನಿಗೆ ತಿಳಿಯದ ಕೆಲಸದ ಸುದ್ದಿ ಇನ್ನೊಬ್ಬನಿಗೂ ತಿಳಿದಿರಲಿಲ್ಲ.

ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞನು 1973ರಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ವಿವರಣೆಯಿದೆ. ಬಾಸ್ಟನ್ ನಗರದ ಹತ್ತಿರ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವನು ವಿಚಾರಿಸಿದನು. ಸುದ್ದಿ ಕೊಟ್ಟವರನ್ನು ಪದೇ ಪದೇ ಕಾಣುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. ಮಿಕ್ಕವರೆಲ್ಲರಿಗೂ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಕಂಡ, ಅಥವಾ ಕಾಣುವುದೇ ಅಪರೂಪವಾದ ಮುಖಪರಿಚಯದವರಿಂದ. ಆಪ್ತರು ನಮ್ಮ ಲೋಕದಲ್ಲಿಯೇ ಇರುವವರು, ನಮಗೆ ತಿಳಿದದ್ದೇ ಅವರಿಗೂ ತಿಳಿದಿರುತ್ತದೆ. ಮುಖಪರಿಚಯದವನು ಬೇರೊಂದು ಲೋಕದ ಹೊಸ್ತಿಲಲ್ಲಿ ನಿಂತಿರುತ್ತಾನೆ. ನಾವು ನಂಟಿನ ಬೆಲೆ ಕಟ್ಟುವಾಗ ಗಾಢವಾದದ್ದನ್ನೇ ಎಣಿಸಿ ತೆಳುವಾದದ್ದನ್ನು ಬಿಟ್ಟುಬಿಡುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದೆ.

ಗಣಿ ಮುಚ್ಚಿದ ಮೇಲೆ ಈ ರೈಲುಬಂಡಿಯೇ ಗಣಿಯವರಿಗೆ ಆ ಹೊಸ್ತಿಲಾಯಿತು. ಸಾವಿರಾರು ಮಂದಿ ಬೆಳಕು ಹರಿಯುವ ಮುಂಚೆ ಹೊರಟು, ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ದುಡಿದು, ರಾತ್ರಿ ಮರಳುವುದು ರೂಢಿಯಾಯಿತು. ನನ್ನ ಎದುರಿಗಿದ್ದ ತರುಣನೂ ಅವರಲ್ಲೊಬ್ಬ. ಕೆಲಸ ಹೇಗೆ ಸಿಕ್ಕಿತೆಂದು ವೃದ್ಧರು ಕೇಳಿದರು. ದಿನವೂ ಅದೇ ಡಬ್ಬಿಯಲ್ಲಿ ಬರುತ್ತಿದ್ದ ಒಬ್ಬರು ಹೇಳಿದರಂತೆ, ಬಂಗಾರಪೇಟೆಯಲ್ಲಿ ಹತ್ತುವವರು. ಅವರ ಹೆಸರೇನೆಂದು ಕೇಳಿದರೆ ತರುಣನು ನಕ್ಕುಬಿಟ್ಟನು. “ಹೆಸರು ಗೊತ್ತಿಲ್ಲ ತಾತಾ, ‘ಟಿಫನ್ ಅಣ್ಣ’ ಅಂತೀವಿ. ದೊಡ್ಡ ಡಬ್ಬಿ ತರ್ತಾರೆ.”

ಚಾಂಪಿಯನ್ ನಿಲ್ದಾಣದಲ್ಲಿ ನಾವು ಮೂವರೂ ಇಳಿದೆವು. ವೃದ್ಧರ ಚೀಲ ತರುಣನ ಕೈಯಲ್ಲಿಯೇ ಇದ್ದಿತು. ಆಂಡರ್ಸನ್‌ಪೇಟೆಗೆ ದಾರಿ ಯಾವುದೆಂದು ನಾನು ಕೇಳಿದೆನು. ದಾರಿ ಹೇಳುವ ಮೊದಲು ವೃದ್ಧರು, “ಯಾರ ಮನೆಗೆ?” ಎಂದರು.